ತಡವಿಲ್ಲದ ಮೈಕು

ಕೆಂಪು ದೀಪ ಹತ್ತಿತು. ಸಂಜೆಯ ವಾರ್ತೆ ಓದಲು ಮಹಾರಾಜರು ಬಾಯಿ ತೆರೆದರು. ಬಾಯಿ ತೆರೆದೇ ಇತ್ತು, ಮಾತು ಮಾತ್ರ ಬರಲಿಲ್ಲ.

ಗಾಜಿನ ಈಚೆ ಕೂತಿದ್ದ ತಂತ್ರಜ್ಞೆ ಕಂಪ್ಯೂಟರ್ ಪರದೆ ನೋಡಿದಳು. ಮೈಕು ಸರಿಯಾಗಿಯೇ ಇತ್ತು. ಮಹಾರಾಜರ ಉಸಿರು, ಅಂಗಿಯ ಸರಸರ, ಎಲ್ಲ ಕೇಳಿಸುತ್ತಿತ್ತು, ವಾರ್ತೆಯೊಂದನ್ನು ಬಿಟ್ಟು. ಊರಿನ ರೇಡಿಯೊಗಳೆಲ್ಲ ಒಬ್ಬ ದೊಡ್ಡ ಮನುಷ್ಯನ ಏದುಸಿರನ್ನು ಬಿತ್ತರಿಸುತ್ತಿದ್ದವು. ಗಾಬರಿಯಲ್ಲಿ ಅವಳು ಕೈಗೆ ಸಿಕ್ಕ ಹಾಡು ಹಾಕಿದಳು. ಅದೊಂದು ಜೋಗುಳ. ಒಳಗೆ ಮಹಾರಾಜರು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದರು.

ಮಹಾರಾಜರೆಂಬ ಅಡ್ಡಹೆಸರು ಅವರಿಗೆ ಸುಮ್ಮನೆ ಅಂಟಿರಲಿಲ್ಲ. ಅವರು ಓದಿದರೆ ಚರಂಡಿ ದುರಸ್ತಿಯ ಸುದ್ದಿಯೂ ಪಟ್ಟಾಭಿಷೇಕದಂತೆ ಕೇಳುತ್ತಿತ್ತು. ಸ್ಟುಡಿಯೊದಿಂದ ಹೊರಬಿದ್ದರೆ ಮಾತ್ರ ಯಾರೊಂದಿಗೂ ಒಂದಕ್ಷರವಿಲ್ಲ. ಕಾಫಿ ಬೇಕಿದ್ದರೆ ಬೆರಳೆತ್ತುವರು, ಸಕ್ಕರೆ ಬೇಡದಿದ್ದರೆ ಹುಬ್ಬು. ಮನೆಗೆ ಫೋನ್ ಮಾಡಿದರೆ ಎತ್ತುವುದು ಹೆಂಡತಿ. "ಅವ್ರು ಗಂಟ್ಲು ಉಳಿಸ್ಕೋತಿದಾರೆ. ಏನಿದ್ರೂ ನಂಗೇ ಹೇಳಿ."

ನಮ್ಮಂಥವರ ಮೇಲೆ ಮಾತು ಖರ್ಚು ಮಾಡುವ ಮನುಷ್ಯನಲ್ಲ ಎಂದು ಕಚೇರಿಯವರು ಆಡಿಕೊಳ್ಳುತ್ತಿದ್ದರು.

ತಂತ್ರಜ್ಞೆ ಹೊಸಬಳು. ಬಂದವಳೇ ಮಹಾರಾಜರ ಮೈಕಿನ ಮೇಲೆ ಕಣ್ಣು ಹಾಕಿದ್ದಳು. ಅವರು ಕೂತು ಓದುವವರಲ್ಲ. ಬೋನಿನ ಹುಲಿಯಂತೆ ಅತ್ತಿತ್ತ ಓಡಾಡುತ್ತಲೇ ಓದಬೇಕು. ಹಾಗಾಗಿ ಕಾಲರ್‌ಗೆ ಸಿಕ್ಕಿಸುವ, ವೈರಿಲ್ಲದ ಮೈಕು. ಅದರ ದನಿ ಗಾಳಿಯಲ್ಲಿ ಹಾರಿ, ಕಂಪ್ಯೂಟರ್ ಸೇರಿ, ಅಲ್ಲಿಂದ ಅವರದೇ ಹೆಡ್‌ಫೋನಿಗೆ ವಾಪಸಾಗುವಷ್ಟರಲ್ಲಿ ಚೂರು ತಡವಾಗುತ್ತಿತ್ತು. ಕಣ್ಣು ಮಿಟುಕಿಸುವಷ್ಟು. ಅವಳೊಮ್ಮೆ ಅದನ್ನು ಹಾಕಿಕೊಂಡು ತನ್ನ ವಿಳಾಸ ಹೇಳಿ ನೋಡಿದ್ದಳು. ತನ್ನದೇ ಮಾತು ಹಿಂದಿನಿಂದ ಬಂದು ಕಾಲೆಳೆದಂತಾಗಿ ನಾಲಿಗೆ ತೊಡರಿತು. ಸ್ವಂತ ಬೀದಿಯ ಹೆಸರನ್ನು ಕುಡಿದವಳಂತೆ ಎಡವಿ ಎಡವಿ ಹೇಳಿದ್ದಳು.

ಇಂಥ ದರಿದ್ರ ಮೈಕಿನಲ್ಲೇ ಹೀಗೆ ಓದುವವರು ಒಳ್ಳೆಯದು ಸಿಕ್ಕರೆ ಹೇಗೆ ಓದಿಯಾರು! ಅವಳು ಮ್ಯಾನೇಜರ್ ಬೆನ್ನು ಹತ್ತಿ ಹೊಸ ಮೈಕು ತರಿಸಿದಳು, ಹಳೆಯದನ್ನು ಗುಜರಿಗೆ ಹಾಕಿಸಿದಳು.

"ನಿಮ್ ಮಾತು ಬಾಯಿಂದ ಹೊರಟ ತಕ್ಷಣ ನಿಮ್ ಕಿವೀಲಿರುತ್ತೆ ಸಾರ್. ಒಂಚೂರೂ ತಡ ಇಲ್ಲ," ಎಂದು ಆ ಸಂಜೆ ಅವರ ಕಾಲರ್‌ಗೆ ಸಿಕ್ಕಿಸಲು ಹೋದರೆ ಮಹಾರಾಜರು ಗೋಡೆಯವರೆಗೆ ಹಿಂದೆ ಸರಿದರು. ಹಣೆ ಬೆವೆತಿತ್ತು. ಸೆಕೆ ಇರಬೇಕೆಂದು ಅವಳು ಎ.ಸಿ. ಜೋರು ಮಾಡಿದಳು.

ಆಮೇಲೆ ಆದದ್ದೇ ಆ ಜೋಗುಳ.

ಆ ಸಂಜೆಯ ವಾರ್ತೆಯನ್ನು ಮ್ಯಾನೇಜರ್ ತಾವೇ ಓದಿದರು. ಮೇಕೆಗೆ ನೆಗಡಿಯಾದಂಥ ದನಿ. ಮುಗಿಸಿ ಬಂದವರು ಮಹಾರಾಜರೆದುರು ಕೈಮುಗಿದು ನಿಂತರು.

"ಏನ್ ಸಾರ್ ಇದು? ಇವ್ಳಿಂದ ಏನಾದ್ರೂ ತೊಂದ್ರೆನಾ?"

ಅಲ್ಲ ಎಂದು ಮಹಾರಾಜರು ಜೋರಾಗಿ ತಲೆಯಾಡಿಸಿದರು. ಹೊಸ ಮೈಕನ್ನು ತೋರಿಸಿದರು. ಆಮೇಲೆ ಎರಡು ಬೆರಳಲ್ಲಿ ಕಿವಿ ಮುಟ್ಟಿ, ರಬ್ಬರ್ ಬ್ಯಾಂಡ್ ಎಳೆಯುವಂತೆ ಕೈಯನ್ನು ಮೆಲ್ಲಗೆ ದೂರಕ್ಕೆ ಎಳೆದರು.

"ಗೊತ್ತಾಯ್ತಾ? ನಿನ್ ಕಿವಿ ಹಿಂಡ್ಬೇಕು ಅಂತಿದಾರೆ," ಎಂದರು ಮ್ಯಾನೇಜರ್. "ನಾಳೆ ಬೆಳಿಗ್ಗೆ ಇವ್ರ ಬಾಯಿ ತೆಗೆಸು. ಇಲ್ಲಾಂದ್ರೆ ಬೇರೆ ಕೆಲ್ಸ ನೋಡ್ಕೊ."

ಮಹಾರಾಜರು ತಮ್ಮ ಹಣೆ ಚಚ್ಚಿಕೊಂಡು ಹೊರಟುಹೋದರು.

ತಂತ್ರಜ್ಞೆಗೆ ಮೈಯೆಲ್ಲ ಉರಿಯಿತು. ಈ ಕೆಲಸಕ್ಕಾಗಿ ಅವಳು ಅಪ್ಪನೊಂದಿಗೆ ಜಗಳ ಕಾದು ಮನೆ ಬಿಟ್ಟು ಬಂದಿದ್ದಳು. ಈಗ ಗಂಟುಮೂಟೆ ಕಟ್ಟಿಕೊಂಡು ವಾಪಸು ಹೋಗಿ "ನಾನ್ ಹೇಳ್ಲಿಲ್ವಾ?" ಎಂದು ಕೇಳಿಸಿಕೊಳ್ಳಬೇಕು. ಯಾಕೆ? ಒಳ್ಳೆಯ ಮೈಕು ಕೊಟ್ಟದ್ದಕ್ಕೆ! ಬರೀ ಜಂಬ, ಹೊಸಬಳನ್ನು ತುಳಿಯುವ ಜಂಬ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಂಪ್ಯೂಟರ್ ಮುಂದೆ ಕೂತಳು. ಮೈಕಿನ ದನಿಯನ್ನು ಬೇಕೆಂದೇ ತಡಮಾಡಿ ಹೆಡ್‌ಫೋನಿಗೆ ಕಳಿಸುವ ದಾರಿ ಅದರಲ್ಲಿತ್ತು. ಹಳೆಯ ಮೈಕಿನಲ್ಲಿ ಎಷ್ಟು ತಡವಿತ್ತೋ ಅಷ್ಟನ್ನೂ ಹಾಕಿ, ಸಿಟ್ಟಿಗೆ ಇನ್ನಷ್ಟು ಸೇರಿಸಿದಳು. ಬಾಯಿ ತೆರೆಯದಿದ್ದರೆ ಹೇಗೂ ಕೆಲಸ ಹೋಯಿತು. ತೆರೆದರೆ ಊರೆಲ್ಲ ಕೇಳುವಂತೆ ಎಡವಲಿ ಪುಣ್ಯಾತ್ಮ. ಹೋಗುವಾಗ ಅಷ್ಟಾದರೂ ಕೇಳಿ ಹೋಗುತ್ತೇನೆ.

ಮಹಾರಾಜರು ಬಂದರು. ಕಣ್ಣು ಗುಳಿಬಿದ್ದಿತ್ತು. ನೇಣಿಗೆ ಕತ್ತು ಕೊಡುವವರಂತೆ ಹೆಡ್‌ಫೋನ್ ಹಾಕಿಕೊಂಡರು. ಕೆಮ್ಮಿದರು. ತಟ್ಟನೆ ನಿಂತರು. ಮತ್ತೆ ಕೆಮ್ಮಿ ನೋಡಿದರು. ಗಾಜಿನ ಆಚೆಯಿಂದ ಅವಳನ್ನೇ ದಿಟ್ಟಿಸಿದರು. ಸಿಕ್ಕಿಬಿದ್ದೆನೆಂದು ಅವಳು ಪರದೆಗೆ ಮುಖ ಹುದುಗಿಸಿದಳು.

ಕೆಂಪು ದೀಪ ಹತ್ತಿತು.

ಮಾತು ಬಂತು. ಬಂತೆಂದರೆ ಎಂಥ ಮಾತು! ಬಾಯಿ ತಿರುಗದ ವಿದೇಶಿ ಮಂತ್ರಿಗಳ ಹೆಸರುಗಳು ಬೆಣ್ಣೆಯ ಮೇಲೆ ಜಾರಿದಂತೆ ಜಾರಿದವು. ಚರಂಡಿಗೆ ಮತ್ತೆ ಪಟ್ಟಾಭಿಷೇಕವಾಯಿತು. ಅವಳು ಬಿಟ್ಟ ಬಾಯಿ ಮುಚ್ಚಲಿಲ್ಲ. ಅಷ್ಟು ತಡದಲ್ಲಿ ಮನುಷ್ಯಮಾತ್ರದವರು ಓದುವುದು ಸಾಧ್ಯವೇ ಇರಲಿಲ್ಲ.

"ಏನಮ್ಮಾ ಮಾಡ್ದೆ?" ಮ್ಯಾನೇಜರ್ ಬಾಗಿಲಲ್ಲಿ ಹಲ್ಲು ಕಿರಿದರು.

"ಅವ್ರಿಗೆ ತಕ್ಕ ಹಾಗೆ ಮಾಡ್ದೆ ಸಾರ್," ಎಂದಳು, ದನಿ ಸಣ್ಣದು ಮಾಡಿ.

ವಾರ್ತೆ ಮುಗಿಯಿತು, ಮ್ಯಾನೇಜರ್ ಕಾಫಿಗೆ ಹೋದರು. ಮಹಾರಾಜರು ನೇರ ಅವಳ ಕೋಣೆಗೆ ಬಂದು ಬಾಗಿಲು ಹಾಕಿದರು. ಅವಳು ಎದ್ದು ಗೋಡೆಗೆ ಒರಗಿದಳು. ಕೆಲಸವಂತೂ ಹೋಯಿತು, ಕಪಾಳವಾದರೂ ಉಳಿದೀತೇ ಎಂದು ಲೆಕ್ಕ ಹಾಕುತ್ತಿರುವಾಗಲೇ ಅವರು ಅವಳ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿ ಬಂದಿತ್ತು.

"ಆ ತ... ತ... ತಡ ಇದ್ರೇನೇ ನ... ನಂಗೆ ಮಾ... ಮಾತು ಬ... ಬರೋದು ಕ... ಕಣಮ್ಮಾ," ಎಂದರು ಮಹಾರಾಜರು. "ಯಾ... ಯಾರ್ಗೂ ಹೇ... ಹೇಳ್ಬೇಡ."