ಸೊಟ್ಟ ಅಂಚು

ದರ್ಜಿ ಅಕ್ಕನ ಕೈ ತಾನಾಗಿಯೇ ಕತ್ತರಿಗೆ ಹೋಯಿತು. ಶಾಲಿನ ಅಂಚಿನ ಹೊಲಿಗೆ ಹಾವು ಹರಿದ ಹಾಗಿತ್ತು; ಅಂಥದ್ದನ್ನು ಬಿಚ್ಚದೆ ಬಿಟ್ಟವಳೇ ಅಲ್ಲ ಅವಳು.

ನಾಳೆ ಬೆಳಿಗ್ಗೆ ಯಾತ್ರೆಯ ಬಸ್ಸು. ಪುಣ್ಯಸ್ಥಳಗಳಲ್ಲಿ ತಲೆ ಮುಚ್ಚಿರಬೇಕೆಂದು ಜೊತೆಗೆ ಹೊರಟ ಹತ್ತೊಂಬತ್ತು ಹೆಂಗಸರಿಗೂ ಶಾಲು ಹೊಲಿದುಕೊಟ್ಟವಳು, ತನಗೊಂದು ಬೇಕೆಂಬುದನ್ನೇ ಮರೆತಿದ್ದಳು.

"ನಿಮಗೇ ಅಂತ ನಾವು ಹತ್ತೊಂಬತ್ತು ಜನಾನೂ ಸೇರಿ ಹೊಲಿದಿದ್ದು ಅಕ್ಕಾ, ಒಬ್ಬೊಬ್ಬರು ಒಂದೊಂದು ಗೇಣು," ಎಂದಳು ಶಾಲು ತಂದಿದ್ದ ಪಕ್ಕದ ಮನೆಯ ನರ್ಸು, ಬಾಗಿಲಲ್ಲೇ ನಿಂತು. "ಬಿಚ್ಚಿ ಸರಿ ಮಾಡ್ಕೊಂಡ್ರೂ ಬೇಜಾರಿಲ್ಲ."

ಅಕ್ಕ ಅಂಚನ್ನು ಗೇಣುಗೇಣಾಗಿ ಬೆರಳಲ್ಲಿ ಸವರುತ್ತ ಹೋದಳು. ಒಂದು ಕಡೆ ಗಂಟು, ಇನ್ನೊಂದು ಕಡೆ ಸೂಜಿ ಚುಚ್ಚಿದ ಬೆರಳಿನ ರಕ್ತದ ಚುಕ್ಕೆ.

"ಯಾರಾದ್ರೂ ಇದನ್ನ ಬಿಚ್ಚಿ ನೋಡ್ಲಿ, ಕೈ ಮುರೀತೀನಿ!"

ನೇತಾಡುತ್ತಿದ್ದ ದಾರದ ತುದಿಯನ್ನಷ್ಟೇ ಕತ್ತರಿಸಿ, ಶಾಲನ್ನು ತಲೆಯ ಮೇಲೆ ಎಳೆದುಕೊಂಡಳು, ಸೊಟ್ಟ ಅಂಚು ಹಣೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ.