ಹೀಲಿಯೋಸನ ದನಗಳು

ಸೂರ್ಯದೇವ ಹೀಲಿಯೋಸನ ದನ ಕಾಯುವುದು ಆ ದ್ವೀಪದವರ ಪಾಳಿಯ ಕೆಲಸ. ಅವು ಈಯುವುದಿಲ್ಲ, ಸಾಯುವುದೂ ಇಲ್ಲ. ಬೆಳಿಗ್ಗೆ ಎಲ್ಲವನ್ನೂ ಪೂರ್ವಕ್ಕೆ ಮುಖಮಾಡಿ ನಿಲ್ಲಿಸಿದರೆ ಸೂರ್ಯ ಹುಟ್ಟುತ್ತಾನೆ. ಒಂದು ಕಡಿಮೆಯಾದರೂ ಸತ್ತವರ ಲೋಕಕ್ಕೆ ಹೋಗಿ ಬೆಳಗುತ್ತೇನೆಂಬುದು ಅವನ ಹಳೆಯ ಮಾತು.

ಇವತ್ತು ಮೆಲೀಟಾಳ ಪಾಳಿ. ಎಷ್ಟು ಹೊತ್ತಾದರೂ ಕಡಲು ಕಪ್ಪಗೇ ಇತ್ತು. ಸಾಲಿನಲ್ಲಿ ಕೆಂಚಿ ಹಸುವಿನ ಜಾಗ ಖಾಲಿ.

“ಕೆಂಚಿ ಎಲ್ಲೋ?” ಎಂದು ತಮ್ಮ ಡ್ರೇಕೋನನ್ನು ಕೇಳಿದಳು.

“ರಾತ್ರಿ ದಡಕ್ಕೆ ಬಂದ ಹಡಗಿನವರು ಹಸಿದಿದ್ರು ಕಣಕ್ಕಾ. ಕೊಯ್ದುಕೊಟ್ಟೆ. ಸಾಯದ ದನ ಅಲ್ವಾ, ಬೆಳಿಗ್ಗೆ ಎದ್ದು ಬರುತ್ತೆ ಅಂದ್ಕೊಂಡೆ.”

“ಅಯ್ಯೋ, ನಿನ್ನ ಬುದ್ಧಿಗೆ ಮಣ್ಣು ಹಾಕ!”

ಮೆಲೀಟಾ ಊರಿನತ್ತ ತಿರುಗಿದಳು. ಮನೆಗಳೆಲ್ಲ ಕತ್ತಲಲ್ಲಿದ್ದವು. ಆಚೆ ಸ್ಮಶಾನದಲ್ಲಿ, ಅವ್ವನ ಗೋರಿಯ ಕಲ್ಲುಸಂದಿಯಿಂದ ಎಳೆಬಿಸಿಲು ಹೊರಬೀಳುತ್ತಿತ್ತು. ಒಳಗೆ ಅವ್ವ ಎದ್ದು, ಎಂದಿನಂತೆ ಬೆಳಗಿನ ಕೆಮ್ಮು ಕೆಮ್ಮಿದಳು.