ಸಂತನ ಮೆಟ್ಟು

ಉಜ್ಜುಗಲ್ಲು ಕೈಯಲ್ಲಿತ್ತು. ಬೀಗದ ಕೈಯೂ ಇತ್ತು. ಗಾಜಿನ ಪೆಟ್ಟಿಗೆಯ ಮುಂದೆ ಮಂಡಿಯೂರಿದ ಝಫೀರಿಸನಿಗೆ ಅದನ್ನು ತೆರೆಯುವ ಮನಸ್ಸು ಮಾತ್ರ ಬರಲಿಲ್ಲ.

ಒಳಗಿದ್ದದ್ದು ಸಂತ ಸ್ಪಿರಿದೋನನ ಮೆಟ್ಟು. ಬಿಷಪ್ಪನಾದ ಮೇಲೂ ಕುರಿ ಕಾಯುವುದನ್ನು ಬಿಡದ ಸಂತ. ಸತ್ತ ಮೇಲಾದರೂ ಸುಮ್ಮನೆ ಮಲಗಿದನೇ? ಅಲೆಗಳ ಮೇಲೆ ನಡೆದು ನಾವಿಕರನ್ನು ಕಾಯುತ್ತಾನೆಂದು ಇಡೀ ದ್ವೀಪ ನಂಬಿತ್ತು. ಪ್ರತಿ ಹಬ್ಬಕ್ಕೆ ಅವನ ಪಟದ ಕೆಳಗೆ ಹೊಸ ಮೆಟ್ಟು ಇಡುತ್ತಾರೆ. ಮರುವರ್ಷ ಹಬ್ಬದ ಬೆಳಿಗ್ಗೆ ಪಾದ್ರಿ ಎತ್ತಿ ತೋರಿಸಿದಾಗ ಅಟ್ಟೆ ಸವೆದಿರುತ್ತದೆ. ಆ ತೊಗಲನ್ನು ಚೂರು ಮಾಡಿ, ಕಡಲಿಗೆ ಹೋದವರ ಮನೆಗಳಿಗೆ ಹಂಚುತ್ತಾರೆ.

ಸವೆಸುತ್ತಿದ್ದವನು ಚರ್ಚಿನ ಕಾವಲುಗಾರ ಝಫೀರಿಸ್. ಅವನಿಗಿಂತ ಮುಂಚೆ ಯಾರು ಸವೆಸುತ್ತಿದ್ದರೋ ದೇವರೇ ಬಲ್ಲ. ಅವನು ಕೆಲಸಕ್ಕೆ ಸೇರಿದ ವರ್ಷವೇ ಮಗ ಸ್ತ್ರಾತಿಸ್ ಹತ್ತಿದ ಹಡಗು ತಿರುಗಿ ಬರಲಿಲ್ಲ. ಹಬ್ಬದ ಹಿಂದಿನ ದಿನ ಪೆಟ್ಟಿಗೆ ಒರೆಸುವಾಗ ನೋಡಿದರೆ ಮೆಟ್ಟು ಇಟ್ಟದ್ದು ಇಟ್ಟ ಹಾಗೇ ಇತ್ತು. ಇದನ್ನು ಕಂಡರೆ ಹೆಂಡತಿ ಕಲ್ಲಿಯೋಪಿ ಮಗನ ಆಸೆ ಬಿಡುತ್ತಾಳೆ, ಆಮೇಲೆ ಅವಳೂ ಉಳಿಯುವುದಿಲ್ಲ ಎಂದು ಹೆದರಿ ಕಲ್ಲು ಹಿಡಿದವನಿಗೆ ಮತ್ತೆ ಅದನ್ನು ಕೆಳಗಿಡಲಾಗಲಿಲ್ಲ.

ಈಗ ಸಾಕಾಗಿತ್ತು. ಹಬ್ಬದೂಟಕ್ಕೆ ಅವಳು ಮಗನ ಹೆಸರಲ್ಲಿ ಮೂರನೆಯ ತಟ್ಟೆ ಇಡುವುದು, ತಾನು ತುತ್ತೆತ್ತದೆ ಇವನ ಮುಖವನ್ನೇ ನೋಡುತ್ತ ಕೂರುವುದು, ಇನ್ನೊಂದು ವರ್ಷ ಅದನ್ನು ತಾಳುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ನಾಳೆ ಅಟ್ಟೆ ಹೊಸದಾಗಿಯೇ ಕಾಣಲಿ. ಅಳಲಿ, ಅತ್ತು ಮುಗಿಯಲಿ. ಕಲ್ಲನ್ನು ಬಾವಿಗೆ ಎಸೆದು ಮನೆಗೆ ನಡೆದ.

ಕಲ್ಲಿಯೋಪಿ ಬಾಗಿಲಿಗೆ ಬಂದಳು. ಬಂದರಿನ ಬಂಡೆಯ ಮೇಲೆ ಜಾರಿ ಬಿದ್ದಾಗಿನಿಂದ ಅವಳ ಎಡಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಪ್ರತಿ ವರ್ಷ ಈ ದಿನ ಅವನ ತೋಳಿಗೆ ಅಂಟಿದ ತೊಗಲಿನ ಪುಡಿಯನ್ನು ಚರ್ಚಿನ ಧೂಳೆಂದು ಕೊಡವುತ್ತಿದ್ದಳು. ಇವತ್ತೂ ಕೊಡವಿದಳು. ಏನೂ ಉದುರಲಿಲ್ಲ. ಅವಳ ಕೈ ಅಲ್ಲೇ ತುಸು ಹೊತ್ತು ನಿಂತಿತು.

"ಮುಖ ಯಾಕಯ್ಯ ಹಿಂಗೆ ಬಾಡಿದೆ?"

"ಏನಿಲ್ಲ ಕಣೆ. ನಾಳೆ ಒಂದು ವೇಳೆ ಸಂತ ನಡೆದೇ ಇಲ್ಲ ಅಂತಾದ್ರೆ?"

"ನಡೀದೆ ಏನು! ತನ್ನ ಕುರಿ ಕದಿಯೋಕೆ ಬಂದ ಕಳ್ಳರಿಗೇ, ಪಾಪ ನಿದ್ದೆಗೆಟ್ಟಿದ್ದೀರಿ ಅಂತ ಟಗರು ಕೊಟ್ಟು ಕಳಿಸಿದವನು. ನಿನ್ನ ಕೈ ಬಿಡ್ತಾನಾ?"

"ನಂದೇನು? ನಂಗೆ ನಿನ್ನದೇ ಚಿಂತೆ."

"ಓಹೋ, ದೊಡ್ಡ ಧೈರ್ಯಸ್ಥ! ಹಡಗು ಬರಲ್ಲ ಅಂದ ದಿನ, ಬಂಡೆ ತುದಿಯಿಂದ ನಿನ್ನ ಎಳ್ಕೊಂಡು ಬಂದವಳು ಯಾರು?"

ಅವಳು ಎಣ್ಣೆಯ ಶೀಶೆ ಎತ್ತಿಕೊಂಡಳು. ಅವನು ಮೊಳೆಗೆ ನೇತುಹಾಕಿದ್ದ ಚರ್ಚಿನ ಬೀಗದ ಕೈಗೊಂಚಲನ್ನೂ ತೆಗೆದುಕೊಂಡಳು.

"ದೀಪಕ್ಕೆ ಎಣ್ಣೆ ಹಾಕಿ, ಅಂಗಳ ಗುಡಿಸಿ ಬರ್ತೀನಿ. ನೀನು ಮಲಕ್ಕೋ."

ಮಲಗಿದವನಿಗೆ ಲೋಕದ ಪರಿವೆ ಇರಲಿಲ್ಲ. ಗಂಟೆಯ ಸದ್ದಿಗೆ ಎದ್ದಾಗ ಬೆಳಕು ಹರಿದಿತ್ತು. ಕಲ್ಲಿಯೋಪಿ ಹೊಸ್ತಿಲ ಮೇಲೆ ಕುಳಿತು ಪಾದ ನೀವಿಕೊಳ್ಳುತ್ತಿದ್ದಳು.

"ಯಾವಾಗ ಬಂದೆ?"

"ಈಗ ತಾನೆ. ಅಂಗಳ ದೊಡ್ಡದು ಕಣಯ್ಯ."

ಚರ್ಚು ತುಂಬಿತ್ತು. ಝಫೀರಿಸ್ ಬೀಗ ತೆರೆದು ಪಕ್ಕಕ್ಕೆ ಸರಿದ. ಪಾದ್ರಿ ಯೆರಾಸಿಮೋಸ್ ಮೆಟ್ಟುಗಳನ್ನು ಎತ್ತಿ, ಅಟ್ಟೆಯನ್ನು ಜನರತ್ತ ತಿರುಗಿಸಿದರು. ಝಫೀರಿಸ್ ಕಣ್ಣು ಮುಚ್ಚಿಕೊಂಡ. ಹೆಂಡತಿಯ ಚೀತ್ಕಾರಕ್ಕಾಗಿ ಕಾದ. ತಾನು ಮಾಡಿದ್ದು ತಪ್ಪು, ಕಲ್ಲು ಎಸೆಯಬಾರದಿತ್ತು ಎನಿಸಿತು.

ಕೇಳಿಸಿದ್ದು ಜನರ ಹರ್ಷದ ಉದ್ಗಾರ.

ಕಣ್ಣು ತೆರೆದ. ಬಲಗಾಲಿನ ಅಟ್ಟೆ ಸವೆದು ತೆಳ್ಳಗಾಗಿತ್ತು. ಎಡಗಾಲಿನದರ ಹಿಮ್ಮಡಿ ಹೊಚ್ಚಹೊಸದು. ಬೆರಳಿನ ತುದಿ ಮಾತ್ರ ನೆಲಕ್ಕೆ ತೀಡಿ ತೀಡಿ ತೂತು ಬಿದ್ದಿತ್ತು.

"ಅಯ್ಯೋ, ಈ ಸಲ ಸಂತನಿಗೆ ಕಾಲು ನೋವು ಕಣ್ರೇ," ಎಂದು ಮುದುಕಿ ಫ್ರೋಸೋ ಶಿಲುಬೆಯ ಗುರುತು ಮಾಡಿಕೊಂಡಳು. "ಎಡಗಾಲು ಎಳ್ಕೊಂಡೇ ನಡೆದಿದ್ದಾನೆ, ಪಾಪ."

ಝಫೀರಿಸ್ ಹೆಂಗಸರ ಸಾಲಿನತ್ತ ತಿರುಗಿದ: ಕಲ್ಲಿಯೋಪಿ ಮೆಟ್ಟನ್ನು ನೋಡುತ್ತಿರಲಿಲ್ಲ, ಮೂರನೆಯ ತಟ್ಟೆ ಇಟ್ಟು, ಇವನು ಉಣ್ಣುವನೋ ಇಲ್ಲವೋ ಎಂದು ನೋಡುತ್ತಿದ್ದ ಹಾಗೆಯೇ, ಅವನ ಮುಖವನ್ನೇ ನೋಡುತ್ತಿದ್ದಳು.